ಓಬಮ್ಮನ ನಲವತ್ತೆಂಟು ಸೆಕೆಂಡು

ನಮ್ಮೂರಿನ ಮದುವೆ ವಿಡಿಯೊಗಳಲ್ಲಿ ಮಾತು ಇರುವುದಿಲ್ಲ. ಮೇಲೆ ವಾಲಗದ ಸದ್ದು ಸೇರಿಸಿ ಕೊಡುತ್ತೇವೆ. ಪುರೋಹಿತರ ಮಂತ್ರವನ್ನಂತೂ ಯಾವ ಸ್ಟುಡಿಯೋದವನೂ ರೆಕಾರ್ಡಿನಲ್ಲಿ ಹಿಡಿಯುವುದಿಲ್ಲ. ಹಿಡಿದರೆ, ಯಾವುದೋ ಮನೆಯಲ್ಲಿ ಹೊಸ ಸೊಸೆ ಆಸೆಪಟ್ಟು ತನ್ನ ಮದುವೆಯ ವಿಡಿಯೊ ಹಾಕಿಕೊಂಡ ಹೊತ್ತಿಗೆ ಸರಿಯಾಗಿ ಇನ್ನೊಂದು ಮಂಟಪದಲ್ಲಿ ತಾಳಿ ಕಟ್ಟಿಸುತ್ತಿರುವ ಆ ಪುರೋಹಿತರ ದನಿ ನಿಂತುಹೋಗುತ್ತದೆ. ಮುಹೂರ್ತ ಮೀರುತ್ತದೆ. ಆಮೇಲೆ ಎರಡೂ ಮನೆಯವರು ಬಂದು ಸ್ಟುಡಿಯೋದವನ ಕುತ್ತಿಗೆ ಹಿಡಿಯುತ್ತಾರೆ.

ಹಿಡಿದಿಟ್ಟ ದನಿ ಎಲ್ಲೇ ಓಡುತ್ತಿರಲಿ, ಓಡುವಷ್ಟು ಹೊತ್ತು ಆ ದನಿಯವರ ಗಂಟಲು ಖಾಲಿ. ಫೋನಿನಲ್ಲಿ ನೇರವಾಗಿ ಮಾತಾಡಿದರೆ ಏನೂ ಆಗುವುದಿಲ್ಲ, ಮೈಕಿನಲ್ಲಿ ಕೂಗಿದರೂ ಆಗುವುದಿಲ್ಲ. ಹಿಡಿದಿಟ್ಟದ್ದನ್ನು ಮತ್ತೆ ಓಡಿಸಿದರೆ ಮಾತ್ರ, ಸದ್ದು ತಗ್ಗಿಸಿ ಓಡಿಸಿದರೂ ಅಷ್ಟೆ. ಇದು ನಮ್ಮೂರಿನವರಿಗಷ್ಟೆ ಇರುವುದು. ಪಕ್ಕದೂರಿನವರು ತಮ್ಮ ದನಿ ಒಂದು ಕಡೆ ಓಡುತ್ತಿರುವಾಗಲೇ ಅದರ ಮೇಲೆ ಇನ್ನಷ್ಟು ಮಾತಾಡುತ್ತಾರೆ. ನಾವು ಹೊಂದಿಕೊಂಡಿದ್ದೇವೆ. ಮಗಳನ್ನು ದೂರದೂರಿಗೆ ಕೊಟ್ಟ ತಾಯಿ ಒಂದು ಜೋಗುಳವನ್ನೋ ನಾಲ್ಕು ಬುದ್ಧಿಮಾತನ್ನೋ ಹಿಡಿಸಿ ಕಳಿಸುತ್ತಾಳೆ. ಆಮೇಲೆ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿರುವಾಗ ಅವಳ ಮಾತು ನಿಂತರೆ ತರಕಾರಿಯವಳು ತಕ್ಕಡಿ ಕೆಳಗಿಟ್ಟು, ಮಗಳು ನೆನೆಸಿಕೊಂಡಳು ಅಂತ ಕಾಯುತ್ತಾಳೆ. ದನಿ ಹಿಡಿಯುವ ಮುನ್ನ ಕೇಳಿಯೇ ಹಿಡಿಯಬೇಕು. ಕೇಳದೆ ಹಿಡಿಯುವುದು, ಇನ್ನೊಬ್ಬರ ಬಾಯಿ ಮುಚ್ಚಿಸಲೆಂದೇ ಅವರ ದನಿ ಹಾಕುವುದು, ಇವೆರಡನ್ನೂ ನಮ್ಮಲ್ಲಿ ಕೆನ್ನೆಗೆ ಹೊಡೆದದ್ದಕ್ಕಿಂತ ಕೀಳು ಎಂದು ಎಣಿಸುತ್ತಾರೆ. ಈ ಕಥೆಯಲ್ಲಿ ನಾನು ಎರಡನ್ನೂ ಮಾಡಿದ್ದೇನೆ.

ಇದರ ಜೊತೆಗೇ ಊರಿನಲ್ಲಿ ಇನ್ನೊಂದು ಚಾಳಿ ಬೆಳೆದಿತ್ತು. ಹಿಂದೆ ಇಲ್ಲಿ ಹಾಡುಗಾರ್ತಿಯೊಬ್ಬರಿದ್ದರು. ಹೊರಗಿನ ರೇಡಿಯೋದಲ್ಲಿ ದಿನಾ ಸಂಜೆ ಐದಕ್ಕೆ ಅವರ ಹಾಡು ಬರುತ್ತಿತ್ತು, ಆ ಅರ್ಧ ಗಂಟೆ ಅವರು ಮೂಕರು. ಆ ಹೊತ್ತಿನಲ್ಲಿ ಅವರ ಮನೆ ಮುಂದೆ ಹಾಯುವವರು ಚಪ್ಪಲಿ ಸದ್ದು ಮಾಡದೆ ನಡೆಯುತ್ತಿದ್ದರು. ಅದನ್ನು ನೋಡಿ ಮಾತು ನಿಲ್ಲುವುದೇ ದೊಡ್ಡವರ ಲಕ್ಷಣ ಎಂದು ಊರಿನ ಗಣ್ಯರಿಗೆ ಅನಿಸಿಬಿಟ್ಟಿತು. ಹೋಟೆಲಿನಲ್ಲಿ ದೋಸೆಗೆ ಹೇಳುತ್ತಿದ್ದ ಕಂಟ್ರಾಕ್ಟರೊಬ್ಬರು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ, ಯಾರೋ ಕೇಳುತ್ತಿದ್ದಾರೆ ಎಂಬಂತೆ ಬೆರಳನ್ನು ಮೇಲಕ್ಕೆತ್ತಿ ಕೂರುವುದು. ಸಪ್ಲೈಯರು ಕೈಕಟ್ಟಿ ನಿಲ್ಲುವುದು. ದೋಸೆ ತಣ್ಣಗಾಗುವುದನ್ನು ತಾಳಲಾರದೆ ಸ್ವಲ್ಪ ಹೊತ್ತಿಗೆ ಅವರ ದನಿ ತಾನಾಗಿಯೇ ವಾಪಸಾಗುವುದು.

ಹಿತಚಿಂತಕ ಮಂಡಳಿಯ ಅಧ್ಯಕ್ಷರಾದ ತ್ರಿಯಂಬಕಪ್ಪನವರು ಮಾತ್ರ ಹಾಗೆ ನಟಿಸಿದವರಲ್ಲ. ಅವರಿಗೆ ಅದು ನಿಜವಾಗಿಯೇ ಬೇಕಾಗಿತ್ತು. ಮಂಡಳಿ ನಮ್ಮೂರಿನ ಸೇವಾಸಂಸ್ಥೆ. ಲಾಭದ ಉದ್ದೇಶವಿಲ್ಲದ್ದು ಎಂದು ಅದರ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಉಳಿದ ಉದ್ದೇಶಗಳನ್ನು ಬರೆದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅಧ್ಯಕ್ಷರಾಗಿದ್ದ ತ್ರಿಯಂಬಕಪ್ಪನವರು ಕನ್ನಡಕ ಕೊಡಲಿ, ಕಂಬಳಿ ಕೊಡಲಿ, ಜೊತೆಗೆ ಒಂದೂವರೆ ಗಂಟೆಯ ಭಾಷಣವನ್ನೂ ಕೊಡುತ್ತಿದ್ದರು. ಇಷ್ಟು ಮಾತಾಡಿದರೂ ಒಮ್ಮೆಯೂ ತಮ್ಮ ದನಿ ನಿಂತಿಲ್ಲವಲ್ಲ ಎಂಬುದು ಅವರ ಕೊರಗು. ಹಿಡಿದಿಟ್ಟವರೇ ಇಲ್ಲದ ಮೇಲೆ ನಿಲ್ಲುವುದು ಹೇಗೆ?

ನಾನು ಫಾಲಾಕ್ಷ. ಬಸ್ ನಿಲ್ದಾಣದ ಎದುರಿನ ಸ್ಟುಡಿಯೋ ನನ್ನದು. ಮಂಡಳಿಗೆ ಮೂರು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟವನೂ ನಾನೇ. ಅದರಲ್ಲಿ ಕಾರ್ಯಕ್ರಮಗಳ ಪಟ್ಟಿ, ದಿನಾಂಕ, ಫೋಟೋ ಇಷ್ಟೇ ಇದ್ದವು. ಎಲ್ಲ ಫೋಟೋಗಳಲ್ಲೂ ಕೊಡುವವರು ಕ್ಯಾಮೆರಾ ನೋಡುತ್ತಾರೆ, ತೆಗೆದುಕೊಳ್ಳುವವರು ಸಾಮಾನು ನೋಡುತ್ತಾರೆ. ಅಧ್ಯಕ್ಷರು ಮೂರು ವರ್ಷವೂ ನನ್ನ ಹೆಸರು ಕಲಿಯದೆ ನನ್ನನ್ನು ಫೋಟೋ ಎಂದೇ ಕರೆಯುತ್ತಿದ್ದರು. ಫೋಟೋ ಬಾ, ಫೋಟೋ ಹಿಂದೆ ಸರಿ, ಫೋಟೋಗೆ ಊಟ ಆಯ್ತಾ.

ಒಂದು ದಿನ ಅವರು ಪಕ್ಕದೂರಿನ ಯಾವುದೋ ಸಂಘಕ್ಕೆ ಹೋಗಿಬಂದು ನೇರವಾಗಿ ಸ್ಟುಡಿಯೋಗೇ ಬಂದರು. ಅಲ್ಲಿನವರ ವೆಬ್‌ಸೈಟಿನಲ್ಲಿ ಪ್ರತಿ ಕಾರ್ಯಕ್ರಮಕ್ಕೂ ವಿಡಿಯೊ ಇದೆಯಂತೆ, ಬರೀ ಕೇಳುವವರಿಗೆ ಬೇರೆ ಆಡಿಯೊ ಇದೆಯಂತೆ. ನಮ್ಮದರಲ್ಲಿ ಫೋಟೋಗಳು ಹೆಣದ ಹಾಗೆ ಬಿದ್ದಿವೆ ಎಂದರು. ಎಲ್ಲಕ್ಕೂ ದನಿ ಬೇಕು. ಒತ್ತಿದರೆ ಓಡುವುದು ಬೇಡ, ಒತ್ತುವ ಸೋಮಾರಿಗಳನ್ನು ನಂಬಿ ಕೂರಲಾಗುವುದಿಲ್ಲ.

"ಪುಟ ತೆಗೆದ್ರೆ ಸಾಕು, ನಾನು ಶುರುವಾಗ್ಬೇಕು" ಎಂದರು.

ದನಿ ಹೋದರೆ ಸಭೆಗಳಲ್ಲಿ ತೊಂದರೆಯಾಗುತ್ತದಲ್ಲ ಎಂದು ನಾನು ಹೇಳಿ ನೋಡಿದೆ. ಅವರ ಮುಖದಲ್ಲಿ ಮೂಡಿದ ಬೆಳಕನ್ನು ನೋಡಿ ಅದೇ ಅವರ ಹಂಬಲ ಎಂದು ಅರ್ಥವಾಯಿತು. ಮಂಡಳಿಯ ಹಾಲ್‌ನಲ್ಲಿ ಕೂರಿಸಿ, ಹಿಂದೆ ಹಸಿರು ಪರದೆ ಕಟ್ಟಿ ಹದಿನಾಲ್ಕು ಭಾಷಣ ಹಿಡಿದೆ. ರಕ್ತದಾನದ ಮೇಲೆ ಒಂದು, ಸಸಿ ನೆಡುವುದರ ಮೇಲೆ ಎರಡು, ಮಿತವಾಗಿ ಮಾತಾಡುವುದರ ಮೇಲೆ ಐವತ್ತೊಂದು ನಿಮಿಷದ್ದು ಒಂದು. ಎಲ್ಲವನ್ನೂ ಕಾರ್ಯಕ್ರಮದ ಪುಟಕ್ಕೆ ಏರಿಸಿ, ತಾನೇ ಓಡುವ ಹಾಗೆ ಮಾಡಿ, ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಂದು ಬಾರಿ ಪುಟ ತೆರೆದೆ. ಆ ಹೊತ್ತಿಗೆ ಅವರು ಕ್ಷೌರದಂಗಡಿಯಲ್ಲಿ ಮೀಸೆಯ ಅಳತೆ ಹೇಳುತ್ತಿದ್ದರಂತೆ. ಮಾತು ನಿಂತಿತು. ಅರ್ಧ ಮೀಸೆಯಲ್ಲೇ ಎದ್ದು ಬೀದಿಗೆ ಬಂದು ಎರಡೂ ಕೈ ಮೇಲೆತ್ತಿ ಗಂಟಲು ತೋರಿಸುತ್ತಾ ನಡೆದರಂತೆ. ಸಂಜೆ ಊರಿಗೆಲ್ಲ ಮೈಸೂರುಪಾಕು ಹಂಚಿದರು. ನಾನೂ ಎರಡು ತುಂಡು ತಿಂದೆ. ಕೇಳಿದ ಲೋಕ ನಾನೊಬ್ಬನೇ ಎಂದು ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಒಂದು ತಿಂಗಳು ಅವರ ದನಿಗೆ ಏನೂ ಆಗಲಿಲ್ಲ. ದಿನಾ ಫೋನು ಮಾಡಿ ಎಷ್ಟು ಜನ ನೋಡಿದರು ಎಂದು ಕೇಳುತ್ತಿದ್ದರು. ಲೆಕ್ಕ ಒಂದರಲ್ಲಿ ನಿಂತಿತ್ತು. ಆ ಒಂದೂ ನಾನೇ.

ಕಿವಿಯಂತ್ರ ವಿತರಣೆಯ ಕಾರ್ಯಕ್ರಮ ಆಗಿದ್ದು ಇಂಥ ಹೊತ್ತಿನಲ್ಲಿ. ಅರವತ್ತು ಜನ ಕಿವಿ ಕೇಳದ ಮುದುಕ ಮುದುಕಿಯರನ್ನು ಮಂಡಳಿಯ ಅಂಗಳದಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕೂರಿಸಿದ್ದರು. ಶಾಮಿಯಾನ ವೇದಿಕೆಯ ಮೇಲೆ ಮಾತ್ರ ಇತ್ತು. ಪ್ರತಿಯೊಬ್ಬರನ್ನೂ ಕರೆದು, ಪೆಟ್ಟಿಗೆ ಕೊಟ್ಟು, ಫೋಟೋ ತೆಗೆಸಿ, ಆಮೇಲೆ ಅಧ್ಯಕ್ಷರು ಮೈಕು ಹಿಡಿದರು. ಪೂರ್ತಿ ಹಿಡಿ, ಒಂದಕ್ಷರವನ್ನೂ ಕತ್ತರಿಸಬೇಡ ಎಂದು ನನಗೆ ಅಪ್ಪಣೆಯಾಗಿತ್ತು. ಎರಡು ಗಂಟೆ ಕಳೆಯಿತು. ಮುದುಕರು ಪೆಟ್ಟಿಗೆಗಳನ್ನು ತಲೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದು ಕೂತಿದ್ದರು.

ಆಗ ಸಾಲಿನ ನಡುವಿನಿಂದ ಓಬಮ್ಮ ಎದ್ದು ನಿಂತಳು. ಓಬಮ್ಮನನ್ನು ಊರಿಗೆಲ್ಲ ಗೊತ್ತು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಕೂಗುವವಳು ಅವಳು. ಗಂಡ ತೀರಿಹೋಗಿ ಒಂಬತ್ತು ವರ್ಷ. ಮನೆಯಲ್ಲಿ ಉಳಿದವರು ಅವಳು ಮತ್ತು ಮಾವ ಬೊಮ್ಮಯ್ಯ. ಬೊಮ್ಮಯ್ಯ ಹಿಂದೆ ಲಾರಿ ಓಡಿಸುತ್ತಿದ್ದವನು, ಕಿವಿ ಹೋಗಿ ಹನ್ನೊಂದು ವರ್ಷವಾಗಿತ್ತು. ಯಂತ್ರಕ್ಕೆಂದು ಅವನನ್ನು ಕರೆತಂದು ಪಕ್ಕದಲ್ಲೇ ಕೂತಿದ್ದಳು. ಅವನ ಎಡಗಿವಿಗೆ ಬಾಯಿಟ್ಟು ಕೂಗಿ ಕೂಗಿಯೇ ಅವಳ ದನಿ ನಿಲ್ದಾಣಕ್ಕೆ ಸಾಕಾಗುವಷ್ಟು ದೊಡ್ಡದಾಯಿತು ಎನ್ನುತ್ತಾರೆ. ಅವಳಿಗೆ ಮೈಕು ಬೇಕಾಗಲಿಲ್ಲ.

"ಯಜಮಾನ್ರೇ, ಒಂದ್ನಿಮಿಷ. ಈ ಪೆಟ್ಗೆ ತೆಗ್ದು ನೋಡಿದೀರಾ? ಇದ್ರಲ್ಲಿ ಸೆಲ್ಲೇ ಇಲ್ಲ. ಎರಡು ಗಂಟೆಯಿಂದ ಮಾತಾಡ್ತಿದೀರ, ಇಲ್ಲಿ ಕುಂತಿರೋ ಅರವತ್ತು ಜನಾನೂ ಕಿವುಡ್ರು. ಒಬ್ರಿಗೂ ಒಂದಕ್ಷರ ಕೇಳಿಲ್ಲ. ಮೊದ್ಲು ಸೆಲ್ ಹಾಕ್ಸಿ, ಆಮೇಲೆ ಭಾಷಣ ಮಾಡಿ. ಕೇಳ್ಬೇಕೋ ಬ್ಯಾಡ್ವೋ ಅಂತ ಆಗ ಅವ್ರೇ ಹೇಳ್ತಾರೆ. ಈಗ ಪಾಪ, ನೀವು ಕೈ ಬೀಸೋದ್ ನೋಡಿ ನೊಣ ಓಡಿಸ್ತಿದೀರ ಅನ್ಕಂಡವ್ರೆ."

ಅಧ್ಯಕ್ಷರು ನಕ್ಕು, ಸಹೋದರಿಯ ಕಾಳಜಿಗೆ ಮಂಡಳಿ ಆಭಾರಿ ಎಂದು ಹೇಳಿ, ಇನ್ನೂ ಇಪ್ಪತ್ತು ನಿಮಿಷ ಮಾತಾಡಿದರು. ಸೆಲ್ಲಿನ ವಿಷಯ ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು ಎಂದು ವರದಿಯಲ್ಲಿ ಸೇರಿತು.

ಮರುದಿನ ನಾನು ಕೂತು ಅದನ್ನೆಲ್ಲ ವೆಬ್‌ಸೈಟಿಗೆ ಏರಿಸುತ್ತಿದ್ದೆ. ಪುಟದಲ್ಲಿ 'ಫಲಾನುಭವಿಗಳ ಅಭಿಪ್ರಾಯ' ಎಂಬ ಒಂದು ಜಾಗವಿತ್ತು. ಮೂರು ವರ್ಷದಿಂದ ಖಾಲಿ. ಓಬಮ್ಮನ ಮಾತನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕತ್ತರಿಸಿದೆ. ನಲವತ್ತೆಂಟು ಸೆಕೆಂಡು ಬಂತು. ಆ ಖಾಲಿ ಜಾಗದಲ್ಲಿ, ಎಲ್ಲಕ್ಕಿಂತ ಮೇಲೆ ಇಟ್ಟೆ. ಅಧ್ಯಕ್ಷರ ಅಪ್ಪಣೆಯಂತೆ ಅದೂ ತಾನೇ ಓಡುತ್ತಿತ್ತು. ಮಂಡಳಿಯವರು ನಾನು ಕಳಿಸಿದ ಪಟ್ಟಿಯಲ್ಲಿ ಶೀರ್ಷಿಕೆ ಓದಿ ಬಹಳ ಚೆನ್ನಾಗಿದೆ ಎಂದರು. ಯಾರೂ ಪುಟ ತೆರೆಯಲಿಲ್ಲ. ಓಬಮ್ಮನನ್ನು ನಾನು ಕೇಳಬೇಕಿತ್ತು. ರಸ್ತೆ ದಾಟಿದರೆ ಅವಳು ಸಿಗುತ್ತಿದ್ದಳು. ಮೂರು ವರ್ಷದಲ್ಲಿ ನನ್ನನ್ನು ಬಿಟ್ಟರೆ ಯಾರೂ ತೆರೆಯದ ಪುಟ, ಅವಳಿಗೇನು ತೊಂದರೆ, ನನಗೊಂದು ಖುಷಿ, ಎಂದು ಸಮಾಧಾನ ಹೇಳಿಕೊಂಡೆ. ನನ್ನನ್ನು ಫೋಟೋ ಎಂದು ಕರೆದವರಿಗೆ ಅವರದೇ ಮನೆಯ ಗೋಡೆಯ ಮೇಲೆ ಚಪ್ಪಲಿ ತೂಗುಹಾಕಿದಂತಾಯಿತು ಎಂದು ಒಬ್ಬನೇ ನಗುತ್ತಾ ಟೀ ಕುಡಿದೆ.

ದೂರದ ಯಾವುದೋ ಊರಿನ ಕಿವಿ ಡಾಕ್ಟರೊಬ್ಬರು ಏನನ್ನೋ ಹುಡುಕುತ್ತಾ ಆ ಪುಟ ತೆರೆದರಂತೆ. ಅವರು ನಕ್ಕು ಹತ್ತು ಜನಕ್ಕೆ ಕಳಿಸಿದರು. ಆ ಹತ್ತು ಜನ ಸುಮ್ಮನಿರಲಿಲ್ಲ. ಎಲ್ಲರೂ ಓಬಮ್ಮನ ತುಣುಕನ್ನಷ್ಟೇ ನೋಡಿ, ಕೆಳಗಿನ ಭಾಷಣ ಶುರುವಾಗುವ ಮೊದಲೇ ಪುಟ ಮುಚ್ಚುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಓಬಮ್ಮ ನೀಲಿಕೆರೆಯ ಬಸ್ಸು ಕೂಗುತ್ತಿದ್ದಳು. ನೀಲಿ ಎಂದದ್ದು ಕೇಳಿಸಿತು, ಕೆರೆ ಕೇಳಿಸಲಿಲ್ಲ. ಪ್ರಯಾಣಿಕರು ರೂಢಿಯಂತೆ ಕಾದರು, ಯಾರೋ ನೆಂಟರು ನೆನೆಸಿಕೊಂಡಿರಬೇಕು ಎಂದರು. ಮುಕ್ಕಾಲು ನಿಮಿಷಕ್ಕೆ ದನಿ ಬಂತು, ಮತ್ತೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಬರುವುದು ಕಡಿಮೆಯಾಗಿ ಹೋಗುವುದೇ ಹೆಚ್ಚಾಯಿತು. ಬುಧವಾರ ಬರಲೇ ಇಲ್ಲ. ನಿಲ್ದಾಣದಲ್ಲಿ ಗೊಂದಲ ಶುರುವಾಯಿತು. ನೀಲಿಕೆರೆಗೆ ಹೆಣ್ಣು ನೋಡಲು ಹೋಗಬೇಕಾದ ಒಂದು ತಂಡ ಮೂರುಕಲ್ಲಿನ ಬಸ್ಸು ಹತ್ತಿ, ಅಲ್ಲಿ ಯಾರದೋ ಮನೆಯಲ್ಲಿ ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಎಂದು ಹೇಳಿ ಬಂತು. ಓಬಮ್ಮ ಸ್ಲೇಟಿನ ಮೇಲೆ ಊರುಗಳ ಹೆಸರು ಬರೆದು ಹಿಡಿದು ನಿಂತಳು. ಓದಲು ಬಾರದವರು ಅವಳ ಸೆರಗು ಹಿಡಿದು ಎಳೆಯುತ್ತಿದ್ದರು. ಒಂದು ವಾರ ನೋಡಿದ ನಿಲ್ದಾಣದ ಮೇಲ್ವಿಚಾರಕರು, ಹೀಗೇ ಆದರೆ ಪಕ್ಕದೂರಿನ ಯಾರದಾದರೂ ದನಿ ಹಿಡಿದಿಟ್ಟ ಯಂತ್ರ ತಂದು ಕೂರಿಸುತ್ತೇನೆ, ನಿನ್ನ ಕೆಲಸ ಇರುವುದಿಲ್ಲ ಎಂದರು.

ವಿಡಿಯೊದ ಸುದ್ದಿ ತಿಳಿದು ಓಬಮ್ಮ ರಸ್ತೆ ದಾಟಿ ನನ್ನ ಸ್ಟುಡಿಯೋಗೆ ಬಂದಳು. ಸ್ಲೇಟು ತಿರುಗಿಸಿ 'ತೆಗೀರಿ' ಎಂದು ಬರೆದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ತೆಗೆಯಲು ಕೂತರೆ ಪಾಸ್‌ವರ್ಡ್ ಬದಲಾಗಿತ್ತು.

ಬದಲಾಯಿಸಿದವರು ತ್ರಿಯಂಬಕಪ್ಪನವರು. ವಿಡಿಯೊವನ್ನು ಅವರು ನೋಡಿದ್ದರು. ಒಂದು ಬೆಳಿಗ್ಗೆ ಪೂರ್ತಿ ಸಿಟ್ಟಾಗಿದ್ದರಂತೆ. ಮಧ್ಯಾಹ್ನ ನಾಲ್ಕು ಲಕ್ಷ ಜನ ನೋಡಿದ್ದಾರೆ ಎಂಬ ಲೆಕ್ಕ ಕಣ್ಣಿಗೆ ಬಿದ್ದಿತು. ನಲವತ್ತೆಂಟು ಸೆಕೆಂಡೂ ಹಿನ್ನೆಲೆಯಲ್ಲಿ ಮೈಕು ಹಿಡಿದು ತಾವೇ ನಿಂತಿರುವುದೂ ಬಿದ್ದಿತು. ಸಂಜೆಗೆ ದೊಡ್ಡ ನಗರದ ಒಂದು ಸಂಸ್ಥೆಯಿಂದ ಪತ್ರ ಬಂತು. ತಮ್ಮ ಮೇಲಿನ ಟೀಕೆಯನ್ನು ತಾವೇ ತಮ್ಮ ವೆಬ್‌ಸೈಟಿನಲ್ಲಿ, ಅದೂ ಎಲ್ಲಕ್ಕಿಂತ ಮೇಲೆ ಪ್ರಕಟಿಸುವ ಪ್ರಾಮಾಣಿಕತೆ ಅಪರೂಪವಾದದ್ದರಿಂದ ಹಿತಚಿಂತಕ ಮಂಡಳಿಗೆ ಈ ವರ್ಷದ ಪಾರದರ್ಶಕತೆ ಪ್ರಶಸ್ತಿ ಕೊಡಲಾಗುವುದು ಎಂದಿತ್ತು. ಹೀಗಿರುವಾಗ ತೆಗೆಯುವುದೆಂದರೆ ಪ್ರಶಸ್ತಿಯನ್ನು ತೆಗೆದ ಹಾಗೆ. ಫೋಟೋನ ಕೈಯಲ್ಲಿ ಬೀಗದ ಕೈ ಇರುವುದು ಬೇಡ ಎಂದು ಅವರೇ ಇಟ್ಟುಕೊಂಡರು.

ಭಾನುವಾರ ಹನ್ನೊಂದಕ್ಕೆ ಮಂಡಳಿಯ ಸಭೆಯಿತ್ತು. ಓಬಮ್ಮ ಮಾವನನ್ನು ಕರೆದುಕೊಂಡು ಬಂದಳು. ಒಂದು ಹಾಳೆ ತುಂಬ ಬರೆದು ತಂದಿದ್ದಳು, ಓದಲು ನನ್ನ ಕೈಗೆ ಕೊಟ್ಟಳು. ಅಧ್ಯಕ್ಷರು ಮತ್ತು ಐದು ಜನ ಸದಸ್ಯರ ಮುಂದೆ ನಿಂತು ನಾನು ಅವಳ ಮಾತನ್ನು ನನ್ನ ದನಿಯಲ್ಲಿ ಓದಿದೆ. ಹದಿಮೂರು ದಿನದಿಂದ ಮಾವನಿಗೆ ಊಟಕ್ಕೆ ಬಾ ಎಂದು ಕೂಗಲಾಗಿಲ್ಲ, ಭುಜ ಮುಟ್ಟಿ ಎಬ್ಬಿಸುತ್ತಿದ್ದೇನೆ, ಬೆಚ್ಚಿಬೀಳುತ್ತಾರೆ. ಕೆಲಸ ಹೋಗುವ ಹಂತದಲ್ಲಿದೆ. ನನ್ನ ದನಿ ನನಗೆ ಬೇಕು. ಅದನ್ನು ಅಲ್ಲಿ ಹಾಕಿದವರು ಯಾರೋ, ಅವರಿಗೆ ನನ್ನನ್ನು ಒಂದು ಮಾತು ಕೇಳುವಷ್ಟು ಪುರುಸೊತ್ತೂ ಇರಲಿಲ್ಲ. ಈ ಸಾಲನ್ನು ಓದುವಾಗ ನನ್ನ ನಾಲಿಗೆ ತೊಡರಿತು. ಅದನ್ನು ಹಾಕಿಸಿದವರು ಅಧ್ಯಕ್ಷರೇ ಎಂದು ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ.

ಅಧ್ಯಕ್ಷರು ಎದ್ದು ನಿಂತರು. ಸಮಾಜಸೇವೆ ಎಂದರೆ ತ್ಯಾಗ ಎಂದು ಶುರುಮಾಡಿದರು. ಕೆಲವರು ರಕ್ತ ಕೊಡುತ್ತಾರೆ, ಕೆಲವರು ಜಾಗ ಕೊಡುತ್ತಾರೆ, ಓಬಮ್ಮ ದನಿ ಕೊಟ್ಟಿದ್ದಾಳೆ. ಇಪ್ಪತ್ತೆರಡು ವರ್ಷ ದುಡಿದವರಿಗೆ ಸಿಗದ ಮೌನ ಬಸ್ಸು ಕೂಗುವವಳಿಗೆ ಸಿಕ್ಕಿದೆ, ಅದರ ಬೆಲೆ ಗೊತ್ತಿಲ್ಲದೆ ವಾಪಸು ಕೊಡಲು ಬಂದಿದ್ದಾಳೆ. ಹೀಗೆ ಹೇಳುವಾಗ ಅವರ ದನಿ ನಿಜವಾಗಿಯೂ ನಡುಗಿತು. ಹೊಟ್ಟೆಕಿಚ್ಚು ಅಷ್ಟು ಪ್ರಾಮಾಣಿಕವಾಗಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಓಬಮ್ಮ ಬಾಯಿ ತೆರೆದು ಏನೋ ಹೇಳಿದಳು. ತುಟಿ ಅಲುಗಿತು ಅಷ್ಟೆ. ಬೊಮ್ಮಯ್ಯ ತನ್ನ ಎಡಗಿವಿಯನ್ನು ಅವಳ ಬಾಯಿಯ ಹತ್ತಿರ ತಂದು ಕಾದು ಕೂತಿದ್ದ.

ನಾನು ಕುರ್ಚಿಯಲ್ಲಿ ಕೂತು ಮೇಜಿನ ಕೆಳಗೆ ಫೋನು ತೆಗೆದೆ. ಸದ್ದು ಪೂರ್ತಿ ತಗ್ಗಿಸಿ, ಮಿತವಾಗಿ ಮಾತಾಡುವುದರ ಮೇಲಿನ ಐವತ್ತೊಂದು ನಿಮಿಷದ ಭಾಷಣವನ್ನು ಓಡಿಸಿದೆ.

ಅಧ್ಯಕ್ಷರ ಮಾತು ತ್ಯಾಗದ ನಡುವಿನಲ್ಲಿ ನಿಂತಿತು. ಅವರು ರೇಗುತ್ತಾರೆ, ನನ್ನತ್ತ ನೋಡುತ್ತಾರೆ, ಸದಸ್ಯರು ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಗಂಟಲು ಮುಟ್ಟಿಕೊಂಡರು. ಇನ್ನೊಮ್ಮೆ ಬಾಯಿ ತೆರೆದು ನೋಡಿದರು. ಆಮೇಲೆ ಅವರ ಕಣ್ಣಿನಲ್ಲಿ ನೀರು ತುಂಬಿತು. ಯಾರೋ ಕೇಳುತ್ತಿದ್ದಾರೆ ಎಂದು ಕಿಟಕಿಯ ಕಡೆಗೆ ಬೆರಳು ತೋರಿಸಿದರು. ಐದು ಜನ ಸದಸ್ಯರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು ಓಡಿಹೋಗಿ ಪಕ್ಕದ ಕೋಣೆಯಿಂದ ಶಾಲು ತಂದರು.

ಚಪ್ಪಾಳೆ ಮುಗಿಯುವ ಮೊದಲೇ ನನಗೆ ದಾರಿ ಹೊಳೆಯಿತು. ಹತ್ತಿರ ಹೋಗಿ ವಿನಯದಿಂದ ಹೇಳಿದೆ, ಜನ ಕೊನೆಗೂ ನಿಮ್ಮ ಭಾಷಣಕ್ಕೆ ಬಂದಿದ್ದಾರೆ, ಆದರೆ ಪುಟ ತೆರೆದ ಕೂಡಲೇ ಈ ಹೆಂಗಸಿನ ಗಲಾಟೆ ಅಡ್ಡ ಬರುತ್ತದೆ, ಅದನ್ನು ತೆಗೆದರೆ ಎಲ್ಲರೂ ನೇರವಾಗಿ ನಿಮ್ಮ ಹತ್ತಿರವೇ ಬರುತ್ತಾರೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಪ್ರಶಸ್ತಿಯ ಪತ್ರವನ್ನೇ ತಿರುವಿ, ಅದರ ಬೆನ್ನ ಮೇಲೆ ಪಾಸ್‌ವರ್ಡ್ ಬರೆದುಕೊಟ್ಟರು. ಅಲ್ಲೇ ಮಂಡಳಿಯ ಕಂಪ್ಯೂಟರಿನ ಮುಂದೆ ಕೂತು ಓಬಮ್ಮನ ನಲವತ್ತೆಂಟು ಸೆಕೆಂಡನ್ನು ಅಳಿಸಿದೆ. ಭಾಷಣ ಮಾತ್ರ ಜೇಬಿನಲ್ಲಿ ಐವತ್ತೊಂದು ನಿಮಿಷವೂ ಓಡಿತು. ನಡುವೆ ನಿಲ್ಲಿಸಿ ಅವರ ಸಂತೋಷ ಕೆಡಿಸುವುದು ಬೇಡ ಎನಿಸಿತು.

ಅಳಿಸಿದರೂ ಓಬಮ್ಮನ ದನಿ ಮರುದಿನ ಬರಲಿಲ್ಲ. ಅದು ಆಗಲೇ ಯಾರ್ಯಾರದೋ ಫೋನುಗಳಿಗೆ ಹೋಗಿ ಕೂತಿತ್ತು. ನಿಲ್ದಾಣಕ್ಕೆ ಯಂತ್ರ ಬಂತು. ವಿಡಿಯೊ ನೋಡಿದವರಲ್ಲಿ ಕೆಲವರು ಸಜ್ಜನರೂ ಇದ್ದರೆಂದು ತೋರುತ್ತದೆ. ಒಂದು ದಿನ ಬಸ್ಸಿನ ಮೇಲೆ ಒಂದು ಪಾರ್ಸೆಲು ಬಂತು, ಅದರ ಮೇಲೆ 'ಸೆಲ್ಲು ಕೇಳಿದ ಅಮ್ಮನಿಗೆ' ಎಂದಷ್ಟೇ ಬರೆದಿತ್ತು. ಒಳಗೆ ಅರವತ್ತು ಜನಕ್ಕೆ ಎರಡು ವರ್ಷಕ್ಕಾಗುವಷ್ಟು ಸೆಲ್ಲುಗಳಿದ್ದವು. ಓಬಮ್ಮ ಮನೆಮನೆಗೆ ಹೋಗಿ ಹಂಚಿದಳು. ಮಂಡಳಿ ಅದನ್ನು ತನ್ನ ಎರಡನೆಯ ಹಂತ ಎಂದು ವೆಬ್‌ಸೈಟಿನಲ್ಲಿ ಹಾಕಿಕೊಂಡಿತು.

ಬೊಮ್ಮಯ್ಯನ ಯಂತ್ರಕ್ಕೆ ಸೆಲ್ಲು ಹಾಕಿದ್ದು ನನ್ನ ಸ್ಟುಡಿಯೋದಲ್ಲಿ. ಅವನ ಬೆರಳಿಗೆ ಅಷ್ಟು ಸಣ್ಣದು ನಿಲ್ಲುತ್ತಿರಲಿಲ್ಲ, ಓಬಮ್ಮನಿಗೆ ಗೊತ್ತಾಗಲಿಲ್ಲ, ನಾನು ಹಾಕಿದೆ. ಕಿವಿಗೆ ಇಟ್ಟ ಕೂಡಲೇ ಬೊಮ್ಮಯ್ಯ ಫ್ಯಾನಿನತ್ತ ನೋಡಿದ. ಹೊರಗೆ ಆಟೋ ಹಾರ್ನಿಗೆ ಕುತ್ತಿಗೆ ತಿರುಗಿಸಿದ. ಈ ಊರು ಇಷ್ಟು ಗಲಾಟೆಯದ್ದು ಎಂದು ತನಗೆ ಮರೆತೇ ಹೋಗಿತ್ತು ಎಂದ. ಆಮೇಲೆ ಸೊಸೆಯತ್ತ ತಿರುಗಿ ಏನಾದರೂ ಮಾತಾಡು ಎಂದ. ಅವಳು ಪ್ರಯತ್ನಪಟ್ಟಳು. ಕತ್ತಿನ ನರ ಉಬ್ಬಿತು, ದನಿ ಹೊರಡಲಿಲ್ಲ.  ಬೊಮ್ಮಯ್ಯ ನನ್ನ ಫೋನು ತೋರಿಸಿ, ಅವಳ ದನಿ ಅದರಲ್ಲಿ ಇದೆಯಲ್ಲ, ಹಾಕಿ ಎಂದ. ಅದನ್ನು ಹಾಕಬಾರದು, ಹಾಕಿದರೆ ಅವಳ ದನಿ ಇನ್ನಷ್ಟು ಹೊತ್ತು ಹೋಗುತ್ತದೆ ಎಂದು ಹೇಳಲು ಹೊರಟೆ. ಓಬಮ್ಮ ತಾನೇ ಹಾಕಿ ಎಂಬಂತೆ ತಲೆಯಾಡಿಸಿದಳು.

ಬೊಮ್ಮಯ್ಯ ನಾಲ್ಕು ಸಲ ಹಾಕಿಸಿಕೊಂಡು ಕೇಳಿದ. ಸೊಸೆ ಪಕ್ಕದಲ್ಲೇ ಬಾಯಿ ಮುಚ್ಚಿ ಕೂತಿದ್ದಳು, ಅವಳ ದನಿ ನನ್ನ ಅಂಗೈಯಿಂದ ಬರುತ್ತಿತ್ತು. ನಾಲ್ಕನೆಯ ಸಲ ಮುಗಿದ ಮೇಲೆ ಅವಳ ಕೈ ಹಿಡಿದುಕೊಂಡ.

"ಹನ್ನೊಂದು ವರ್ಷ ನನ್ ಕಿವೀಲಿ ಹಿಂಗೇ ಕಿರುಚ್ತಿದ್ಯೇನವ್ವಾ? ಗಂಟ್ಲು ಎಷ್ಟು ನೊಂದಿರಬ್ಯಾಡ."

ಓಬಮ್ಮ ಮುಖ ತಿರುಗಿಸಿ ಗೋಡೆಯ ಮೇಲಿದ್ದ ಯಾರದೋ ಮದುವೆಯ ಫೋಟೋ ನೋಡತೊಡಗಿದಳು. 

ಲೋಕಕ್ಕೆ ಬೇಸರ ಬೇಗ ಬರುತ್ತದೆ. ಯಾವುದೋ ಊರಿನಲ್ಲಿ ಒಂದು ಕೋತಿ ಮೊಬೈಲು ಕಸಿದುಕೊಂಡು ಮರ ಹತ್ತಿದ ವಿಡಿಯೊ ಬಂತು, ಜನ ಅಲ್ಲಿಗೆ ಹೋದರು. ಓಬಮ್ಮನ ದನಿ ದಿನಕ್ಕೆ ಹತ್ತು ನಿಮಿಷ, ಆಮೇಲೆ ಒಂದು ಗಂಟೆ, ಹೀಗೆ ಬಂದು, ಮೂವತ್ತೊಂದನೆಯ ದಿನ ಪೂರ್ತಿ ಬಂತು. ನಿಲ್ದಾಣದ ಯಂತ್ರವನ್ನು ಅಷ್ಟರಲ್ಲಿ ತೆಗೆದು ಮೂಲೆಗೆ ಹಾಕಿದ್ದರು. ಪಕ್ಕದೂರಿನವನ ದನಿ ಅದು. ನಮ್ಮ ಕಡೆಯ ಹಳ್ಳಿಗಳ ಹೆಸರನ್ನೆಲ್ಲ ತಪ್ಪು ಹೇಳಿ, ಇಲ್ಲದ ಊರುಗಳಿಗೆ ಬಸ್ಸು ಬಿಡುತ್ತಿತ್ತು.

ದನಿ ಬಂದ ಮೂರನೆಯ ದಿನ ಓಬಮ್ಮ ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಕೂತಳು. ಆ ತುಣುಕು ಸರಿಯಾಗಿ ತನ್ನ ಮೊದಲ ಮಾತಿಗೆ ಶುರುವಾಗಿ ಕೊನೆಯ ಮಾತಿಗೆ ಮುಗಿಯುತ್ತದೆ, ಭಾಷಣದ ಒಂದು ಚೂರೂ ಅಂಟಿಕೊಂಡಿಲ್ಲ, ಮಂಡಳಿಯಲ್ಲಿ ಅಷ್ಟು ಶುದ್ಧವಾಗಿ ಕೆಲಸ ಮಾಡುವವರು ಯಾರೂ ಇಲ್ಲ ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ.

"ಕತ್ತರಿ ಹಾಕಿದೋರು ನೀವೇ ಅಲ್ವಾ, ಫಾಲಾಕ್ಷಣ್ಣ?"

ನಾನು ಹೌದೆಂದೆ. ಅಧ್ಯಕ್ಷರಿಗೆ ಅವಮಾನ ಮಾಡಲು ಹೋಗಿ ಹೀಗಾಯಿತು, ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ ಎಂದೆ. ಅವಳು ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದು, ಅದನ್ನೇ ಇನ್ನೊಂದು ಸಲ ಇದರೊಳಗೆ ಹೇಳಿ ಎಂದಳು. ದನಿ ಕೊಡುತ್ತೀರಾ ಎಂದು ರೂಢಿಯಂತೆ ಕೇಳಿದಳು ಕೂಡ. ಇಲ್ಲವೆನ್ನುವ ಮುಖ ನನಗಿರಲಿಲ್ಲ. ನಾಲ್ಕು ನಿಮಿಷ ಮಾತಾಡಿದೆ. ಮಂಡಳಿಯ ಮೇಲಿನ ನನ್ನ ಸಿಟ್ಟು, ಅವಳನ್ನು ಕೇಳದೆ ಹಿಡಿದದ್ದು, ಸಭೆಯಲ್ಲಿ ಅವಳ ಹಾಳೆ ಓದುವಾಗ ಬಾಯಿಮುಚ್ಚಿಕೊಂಡದ್ದು, ಮೇಜಿನ ಕೆಳಗೆ ಮಾಡಿದ್ದು, ಎಲ್ಲವನ್ನೂ ಹೇಳಿದೆ. ಅವಳು ಫೋನು ಸೆರಗಿನಲ್ಲಿ ಸುತ್ತಿಕೊಂಡು, ಯಾವತ್ತು ಹಾಕುತ್ತೇನೆ ಎಂದು ಹೇಳದೆ ಹೋದಳು.

ತ್ರಿಯಂಬಕಪ್ಪನವರು ಈಗ ಊರಿನಲ್ಲೇ ಸುಖಿಯಾದ ಮನುಷ್ಯ. ಅವರು ವೇದಿಕೆ ಹತ್ತಿ ಮೈಕು ಹಿಡಿದ ಎರಡು ನಿಮಿಷಕ್ಕೆ ದನಿ ನಿಲ್ಲುತ್ತದೆ. ಮೊದಮೊದಲು ಅದು ನನ್ನದೇ ಕೆಲಸವಾಗಿತ್ತು. ಸಭೆಯ ದಿನದ ಗುಟ್ಟು ಉಳಿಸಿಕೊಳ್ಳಲು ಆಗಾಗ ಹಾಕಬೇಕಾಗುತ್ತಿತ್ತು. ಆಮೇಲೆ ಊರಿನವರಿಗೂ ಅದರ ಉಪಯೋಗ ತಿಳಿಯಿತು. ಕಾರ್ಯಕ್ರಮ ಏರ್ಪಡಿಸುವವರು ಕುರ್ಚಿ, ಶಾಮಿಯಾನದ ಜೊತೆಗೆ ಯಾರು ಪುಟ ತೆರೆಯಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಕಿವಿಗೆ ಸೆಲ್ಲು ಬಿದ್ದ ಅರವತ್ತು ಜನರೂ ಮನೆಯ ಯಾರಿಂದಲಾದರೂ ಪುಟ ತೆರೆಸುತ್ತಾರೆ. ಹದಿನೆಂಟು ಸಾವಿರ ಸಲ ನೋಡಿದ್ದಾರೆ, ಎಲ್ಲರೂ ನಮ್ಮೂರಿನವರೇ. ಅಧ್ಯಕ್ಷರು ಶಾಲು ಹೊದ್ದು, ಬೆರಳೆತ್ತಿ, ಕಣ್ಣು ಮುಚ್ಚಿ ವೇದಿಕೆಯ ಮೇಲೆ ಕೂರುತ್ತಾರೆ. ಕಾರ್ಯಕ್ರಮಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ. ಕೀಳು ಕೆಲಸ ಎಂದು ಯಾರೂ ಅಂದುಕೊಂಡಂತೆ ಕಾಣುವುದಿಲ್ಲ, ಮಾಡುವವರು ಬಹಳ ಜನ ಇದ್ದಾರಲ್ಲ.

ನಾನು ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ ಕೆಮ್ಮಿ, ಕಾಫಿ ಕೇಳಿ, ದನಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಹೋದ ಗುರುವಾರ ಗಿರಾಕಿಯೊಬ್ಬರಿಗೆ ಮದುವೆಯ ಆಲ್ಬಮ್ ನಾಳೆಯೇ ಕೊಡುತ್ತೇನೆ ಎಂದು ಹೇಳುತ್ತಿರುವಾಗ ಮಾತು ನಿಂತಿತು. ಸರಿಯಾಗಿ ನಾಲ್ಕು ನಿಮಿಷ. ಗಿರಾಕಿ ಗೌರವದಿಂದ ಕೈಕಟ್ಟಿ ನಿಂತರು.  ಊರಿನ ಮೈಕಿನಲ್ಲೆಲ್ಲ ನನ್ನ ಬಂಡವಾಳ ಬಯಲಾಗುತ್ತಿದೆ ಎಂದುಕೊಂಡು, ದನಿ ಬಂದ ಕೂಡಲೇ ರಸ್ತೆ ದಾಟಿ ನಿಲ್ದಾಣಕ್ಕೆ ಓಡಿದೆ. ಅಲ್ಲಿ ಎಲ್ಲರೂ ತಮ್ಮ ತಮ್ಮ ಬಸ್ಸಿಗೆ ಕಾಯುತ್ತಿದ್ದರು. ಮೈಕಿನ ಕೋಣೆಯಲ್ಲಿ ಓಬಮ್ಮನ ಪಕ್ಕ ಬೊಮ್ಮಯ್ಯ ಕೂತಿದ್ದ. ನನ್ನನ್ನು ನೋಡಿ ಕಿವಿಯ ಯಂತ್ರ ಸರಿಮಾಡಿಕೊಂಡ. ಮಾವ ಕೇಳಬೇಕು ಎಂದರು, ಅದಕ್ಕೆ ಹಾಕಿದೆ ಎಂದಳು ಓಬಮ್ಮ. ಕೇಳಿ ಏನೆಂದರು ಎಂದು ನಾನು ಕೇಳಿದೆ.

"ದನಿ ಚೆನ್ನಾಗೈತೆ, ಮಾಡಿದ್ದು ಚೆನ್ನಾಗಿಲ್ಲ ಅಂದ್ರು" ಎಂದಳು. ಆಮೇಲೆ ಮೈಕಿನ ಕಡೆಗೆ ತಿರುಗಿ ನೀಲಿಕೆರೆಯ ಬಸ್ಸು ಕೂಗಿದಳು.